ಅತ್ತೆ ನೀರು ಕುಡಿಯಲಿಲ್ಲ

ಬೆಳಗ್ಗೆಯಿಂದ ಮನಸ್ಸು ಸರಿ ಇಲ್ಲ. ನಮ್ಮ ಗೆಳೆಯರ ಗ್ರೂಪಿನಲ್ಲಿ ನೆರೆ ಸಂತ್ರಸ್ತರಿಗೆ ಕಳಿಸಬೇಕಾದ ಸಾಮಾನುಗಳ ಪಟ್ಟಿ ಬಂತು. ಅಕ್ಕಿ, ಬ್ರೆಡ್ಡು, ಬಿಸ್ಕತ್ತು, ಸೀರೆ, ಚಾದರ. ಎರಡು ಸಲ ಓದಿದೆ. ಬಕೆಟ್ ಇಲ್ಲ, ಸೋಪಿಲ್ಲ, ಪ್ಯಾಡ್ ಇಲ್ಲ. ಶೌಚಾಲಯದ ಮಾತಂತೂ ಇಲ್ಲವೇ ಇಲ್ಲ.

2019ರ ಆಗಸ್ಟ್‌ನಲ್ಲಿ ನಾನು ಮಾಡಿದ್ದ ಪಟ್ಟಿಯೂ ಹೀಗೇ ಇತ್ತು.

ನಮ್ಮದು ಮಲಪ್ರಭಾ ದಂಡೆಯ ಊರು. ಆ ವರ್ಷ ನವಿಲುತೀರ್ಥ ಡ್ಯಾಮು ತುಂಬಿ ನೀರು ಬಿಟ್ಟರು, ಹೊಳೆ ಊರೊಳಗೆ ಬಂತು. ರಾಜ್ಯದಲ್ಲಿ 22 ಜಿಲ್ಲೆಗಳಿಗೆ ಪೆಟ್ಟು ಬಿತ್ತು. ಸುಮಾರು 7 ಲಕ್ಷ ಜನ ಮನೆ ಬಿಟ್ಟರು. ಅವರಲ್ಲಿ ನಮ್ಮ ಸೋದರತ್ತೆಯೂ ಒಬ್ಬರು. ಶಾಲೆಯೊಂದರ ಗಂಜಿ ಕೇಂದ್ರದಲ್ಲಿ ಒಂಬತ್ತು ದಿನ ಇದ್ದರು.

ನಾನು ಟೆಂಪೋ ತುಂಬ ರೊಟ್ಟಿ, ಚಾದರ ಹೇರಿಕೊಂಡು ಹೋದೆ. ಅತ್ತೆಯ ಮುಖ ಬಾಡಿತ್ತು, ತುಟಿ ಒಣಗಿತ್ತು. ತಲೆ ಸುತ್ತುತ್ತದೆ ಅಂದರು. ದಣಿವಿರಬೇಕು ಅಂದುಕೊಂಡು ವಾಪಸ್ ಬಂದೆ. ನಿಜವಾದ ಕಾರಣ ಹೇಳಿದ್ದು ಅಕ್ಕನ ಹತ್ತಿರ ಮಾತ್ರ. ಬಿಪಿ ಗುಳಿಗೆ ಬಿಟ್ಟಿದ್ದರು.

"ಆ ಗುಳಿಗಿ ತಗೊಂಡ್ರ ಮ್ಯಾಲಿಂದ ಮ್ಯಾಲ ಏಳಬೇಕಾಗ್ತದ. ಇಲ್ಲಿ ಎಲ್ಲಿಗೆ ಹೋಗ್ಲಿ ಯವ್ವಾ?"

ನೀರು ಕುಡಿಯುವುದನ್ನೂ ಬಿಟ್ಟಿದ್ದರು. ಅವರೊಬ್ಬರೇ ಅಲ್ಲ, ಅಲ್ಲಿದ್ದ ಹೆಂಗಸರೆಲ್ಲ ಹಗಲು ಹೊತ್ತು ಒಂದೊಂದು ಗುಟುಕಿನಲ್ಲಿ ಕಳೆಯುತ್ತಿದ್ದರು. ಮುನ್ನೂರು ಜನಕ್ಕೆ ಎರಡು ಶೌಚಾಲಯ. ಒಂದಕ್ಕೆ ಬೀಗ, ಇನ್ನೊಂದರಲ್ಲಿ ನೀರಿಲ್ಲ. ಕತ್ತಲಾದ ಮೇಲೆ ನಾಲ್ಕು ಜನ ಸೇರಿ ಹೊರಗೆ ಹೋಗುವುದು. ನೆರೆ ಬಂದಾಗ ಹಾವುಗಳೂ ಬಿಲ ಬಿಟ್ಟು ದಿಬ್ಬ ಹತ್ತುತ್ತವೆ. ಅದೇ ದಿಬ್ಬಕ್ಕೇ ಇವರೂ ಹೋಗಬೇಕು. ಬಾಟಲಿ ನೀರಿನ ಪೆಟ್ಟಿಗೆಗಳು ಮಾತ್ರ ಗೋಡೆ ಪಕ್ಕ ಹಾಗೇ ಇದ್ದವು. ಅದನ್ನು ನಾನು ಕಣ್ಣಾರೆ ನೋಡಿದ್ದೆ. ಯಾಕೆ ಅಂತ ಕೇಳಲಿಲ್ಲ. ಈಗಲೂ ಅದು ಚುಚ್ಚುತ್ತದೆ.

ನೀರು ಕುಡಿಯದಿದ್ದರೆ ಉರಿಮೂತ್ರ. ಬಸುರಿಯಾಗಿದ್ದರೆ ಅದು ಕಿಡ್ನಿವರೆಗೂ ಹೋಗಬಹುದು, ಹೆರಿಗೆ ದಿನಕ್ಕೆ ಮುಂಚೆಯೇ ಆಗಬಹುದು. ಗುಳಿಗೆ ಬಿಟ್ಟವರಿಗೆ ಬಿಪಿ ಏರುತ್ತದೆ. ಇದೆಲ್ಲ ನೆರೆಯ ಲೆಕ್ಕಕ್ಕೆ ಬರುವುದೇ ಇಲ್ಲ.

ಗ್ರೂಪಿನಲ್ಲಿ ಇದನ್ನು ಎತ್ತಿದೆ. ಒಬ್ಬರು, "ಮೊದಲು ಹೊಟ್ಟೆಗೆ, ಉಳಿದದ್ದು ಆಮೇಲೆ" ಅಂದರು. ಇನ್ನೊಬ್ಬರು, "ಹಳ್ಳಿ ಜನ ಹೇಗೂ ಬಯಲಿಗೆ ಹೋಗುವವರು, ನಾಲ್ಕು ದಿನ ತಾನೇ" ಅಂದರು. ಹಸಿದವರಿಗೆ ಅನ್ನ ಮೊದಲು, ಒಪ್ಪುತ್ತೇನೆ. ಆದರೆ ಉಂಡವರು ಎಲ್ಲಿಗೆ ಹೋಗಬೇಕು? ಆ ಬಯಲೇ ನೀರಿನಡಿ ಇತ್ತಲ್ವಾ? ಉಳಿದದ್ದು ರಸ್ತೆ ಬದಿ, ಶಾಲೆಯ ಹಿಂಭಾಗ. ಅಲ್ಲಿನ ಹೊಲಸೆಲ್ಲ ಮಳೆಗೆ ಹರಿದು ಬಾವಿಗೆ, ಬೋರಿನ ಬುಡಕ್ಕೆ ಸೇರುತ್ತದೆ. ನೆರೆ ಇಳಿದ ಮೇಲೆ ವಾಂತಿಭೇದಿ, ಟೈಫಾಯ್ಡ್, ಕಾಮಾಲೆ ಬರುವುದು ಇದೇ ದಾರಿಯಲ್ಲಿ. ಆಗ ಕ್ಲೋರಿನ್ ಗುಳಿಗೆ, ಓಆರ್‌ಎಸ್ ಹಿಡಿದು ಓಡಾಡುವವರು ಆಶಾ ಕಾರ್ಯಕರ್ತೆಯರು. ಎಷ್ಟೋ ಸಲ ಅವರ ಮನೆಯೂ ಮುಳುಗಿರುತ್ತದೆ.

ಇದಕ್ಕೆ ಲೆಕ್ಕವೂ ಇದೆ. ಜಗತ್ತಿನ ಎಲ್ಲ ಕಡೆ ಪರಿಹಾರ ಕೆಲಸದವರು ಬಳಸುವ ಸ್ಫಿಯರ್ ಮಾನದಂಡದ ಪ್ರಕಾರ ಮೊದಲ ದಿನಗಳಲ್ಲಿ 50 ಜನಕ್ಕೆ ಒಂದು ಶೌಚಾಲಯ, ಆದಷ್ಟು ಬೇಗ 20 ಜನಕ್ಕೆ ಒಂದು. ಗಂಡಸರಿಗೆ ಒಂದಾದರೆ ಹೆಂಗಸರಿಗೆ ಮೂರು. ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು. ಅತ್ತೆ ಇದ್ದ ಶಾಲೆಗೆ ಮೊದಲ ದಿನವೇ ಆರು ಶೌಚಾಲಯ ಬೇಕಿತ್ತು.

ಹಾಗಾಗಿ ಪಟ್ಟಿಗೆ ನಾನೇ ಸೇರಿಸಿದೆ: ತಾತ್ಕಾಲಿಕ ಶೌಚಾಲಯ, ಮುಚ್ಚಳದ ಬಕೆಟ್, ಮಗ್ಗು, ಸೋಪು, ಪ್ಯಾಡ್, ಬ್ಲೀಚಿಂಗ್ ಪೌಡರ್, ಟಾರ್ಚು. ಅದನ್ನು ಅಕ್ಕನಿಗೂ ಕಳಿಸಿದೆ. ಎರಡು ನಿಮಿಷಕ್ಕೆ ಫೋನ್ ಮಾಡಿದಳು.

"ಒಳಗಿಂದ ಹಾಕ್ಕೊಳ್ಳಾಕ ಚಿಲಕ ಬೇಕು ಅಂತ ಬರಿಯೋ. ಅದನ್ನ ಮರ್ತಿ ನೋಡು."