ದೂರು ಜಾಸ್ತಿಯಾದರೆ ಕಾರ್ಯಕ್ರಮ ಗೆದ್ದಿತಾ, ಸೋತಿತಾ?

ಮನೆಯೊಳಗೆ ವಯಸ್ಸಾದವರ ಮೇಲೆ ನಡೆಯುವ ದೌರ್ಜನ್ಯ ತಡೆಯಲು ಕಾರ್ಯಕ್ರಮಗಳಿಗೇನೂ ಕೊರತೆ ಇಲ್ಲ. ಸಹಾಯವಾಣಿ, ಅರಿವು ಶಿಬಿರ, ನೋಡಿಕೊಳ್ಳುವವರಿಗೆ ತರಬೇತಿ, ಮನೆಭೇಟಿ. ವರದಿ ತೆರೆದರೆ ಎಷ್ಟು ಜನ ಬಂದರು, ಎಷ್ಟು ಕರಪತ್ರ ಹಂಚಿದರು ಎಂಬ ಲೆಕ್ಕ ಸಿಗುತ್ತದೆ. ಹೊಡೆಯುವುದು, ಬೈಯುವುದು, ದುಡ್ಡು ಕಿತ್ತುಕೊಳ್ಳುವುದು ಕಡಿಮೆಯಾಯಿತಾ ಅಂತ ಹುಡುಕಿ ನೋಡಿ, ಹೆಚ್ಚಿನ ಕಡೆ ಉತ್ತರವೇ ಇರುವುದಿಲ್ಲ.

60 ದಾಟಿದ ಆರು ಜನರಲ್ಲಿ ಒಬ್ಬರು ಒಂದಲ್ಲ ಒಂದು ಬಗೆಯ ದೌರ್ಜನ್ಯ ಅನುಭವಿಸುತ್ತಾರೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಇಷ್ಟು ದೊಡ್ಡ ಸಮಸ್ಯೆ. ಆದರೂ 2016ರಲ್ಲಿ ಕಾಕ್ರೇನ್ (ಆರೋಗ್ಯದ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ಸಂಶೋಧಕರು ತಡೆಗಟ್ಟುವ ಪ್ರಯತ್ನಗಳ ಅಧ್ಯಯನಗಳನ್ನು ಜಾಲಾಡಿದಾಗ ಅವರ ಅಳತೆಗೆ ನಿಂತದ್ದು ಬರೀ 7. ಅವುಗಳಿಂದಲೂ ಗಟ್ಟಿಯಾಗಿ ಹೇಳಲು ಆಗಿದ್ದು ಕಡಿಮೆಯೇ.

ನನ್ನನ್ನು ಜಾಸ್ತಿ ಕಾಡಿದ್ದು ನ್ಯೂಯಾರ್ಕ್‌ನ ಪ್ರಯೋಗ. ಅದರ ಫಲಿತಾಂಶ ಬಂದದ್ದು 2001ರಲ್ಲಿ. ಸರ್ಕಾರಿ ವಸತಿ ಸಮುಚ್ಚಯಗಳಲ್ಲಿ ಕೆಲವು ಕಡೆ ಅರಿವು ಮೂಡಿಸಿದರು. ದೂರು ಬಂದ ಮನೆಗಳಲ್ಲಿ ಕೆಲವಕ್ಕೆ ಪೊಲೀಸರು ಮತ್ತು ಆಪ್ತಸಮಾಲೋಚಕರು ಹೋಗಿ ಮಾತಾಡಿದರು. ಯಾರಿಗೆ ಏನು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಎರಡೂ ಸಿಕ್ಕ ಮನೆಗಳಿಂದ ಪೊಲೀಸರಿಗೆ ಕರೆ ಹೆಚ್ಚಾಯಿತು. ಇಷ್ಟೇ ಆಗಿದ್ದರೆ ‘ಧೈರ್ಯ ಬಂದಿದೆ, ಒಳ್ಳೆಯದೇ’ ಎನ್ನಬಹುದಿತ್ತು. ಆದರೆ ಬೇರೆಯಾಗಿ ಸಂದರ್ಶನ ಮಾಡಿದಾಗಲೂ ಅದೇ ಮನೆಗಳವರು ಹೆಚ್ಚು ದೌರ್ಜನ್ಯ ಹೇಳಿಕೊಂಡರು! ಮನೆಗೆ ಪೊಲೀಸ್ ಬಂದಿದ್ದಕ್ಕೆ ಮಗನೋ ಮಗಳೋ ಇನ್ನಷ್ಟು ಕೆರಳಿದರಾ? ಅಥವಾ ಹಿರಿಯರು ಬಾಯಿ ಬಿಡಲು ಕಲಿತರಾ? ಎರಡೂ ಇರಬಹುದು. ಹೋಲಿಸಲು ಇನ್ನೊಂದು ಗುಂಪು ಇಲ್ಲದಿದ್ದರೆ ಈ ಪ್ರಶ್ನೆ ಹುಟ್ಟುತ್ತಲೇ ಇರಲಿಲ್ಲ, ಅಲ್ವಾ? ಸುಮ್ನೆ ‘ಯಶಸ್ವಿ’ ಎಂದು ಬರೆದು ಮುಗಿಸುತ್ತಿದ್ದರು.

ಅಳೆಯುವುದು ಸುಲಭವಲ್ಲ, ಒಪ್ಪುತ್ತೇನೆ. ಹೊಡೆಯುವವರು ಪಕ್ಕದ ಕೋಣೆಯಲ್ಲೇ ಇದ್ದರೆ ಅಜ್ಜಿ ಏನೆಂದು ಉತ್ತರ ಕೊಟ್ಟಾರು? ಮರೆವಿನ ಕಾಯಿಲೆ (ಡಿಮೆನ್ಷಿಯಾ) ಇರುವವರಿಗೆ ಅಪಾಯ ಹೆಚ್ಚು. ಆದರೆ ಪ್ರಶ್ನೆಪಟ್ಟಿಯಿಂದ ಮೊದಲು ಹೊರಗುಳಿಯುವುದೂ ಅವರೇ.

ಬ್ರಿಟನ್‌ನಲ್ಲಿ ಡಿಮೆನ್ಷಿಯಾ ಇರುವವರನ್ನು ನೋಡಿಕೊಳ್ಳುವ ಮನೆಯವರಿಗೆ ಒತ್ತಡ ನಿಭಾಯಿಸಲು ಕಲಿಸಿದರು. ಅವರ ಆತಂಕ, ಖಿನ್ನತೆ ಇಳಿಯಿತು. ದೌರ್ಜನ್ಯ ಇಳಿದದ್ದಕ್ಕೆ ಮಾತ್ರ ಪುರಾವೆ ಸಿಗಲಿಲ್ಲ. ಇದರಲ್ಲೊಂದು ತೊಡಕಿತ್ತು. ಅಪಾಯ ಕಂಡಾಗಲೆಲ್ಲ ಸಂಶೋಧಕರು ತರಬೇತಿ ಸಿಕ್ಕವರು, ಸಿಗದವರು ಎಂಬ ಎರಡೂ ಗುಂಪುಗಳಲ್ಲಿ ಮಧ್ಯೆ ಪ್ರವೇಶಿಸಿದ್ದರು. ಅದರಿಂದಲೇ ವ್ಯತ್ಯಾಸ ಮುಚ್ಚಿಹೋಗಿರಬಹುದು ಎಂದು ಅವರೇ ಬರೆದಿದ್ದಾರೆ. ಬೇರೇನು ಮಾಡಬೇಕಿತ್ತು? ಏಟು ತಿನ್ನುತ್ತಿರುವವರನ್ನು ನೋಡುತ್ತಾ ಲೆಕ್ಕ ಬರೆಯಲು ಆಗುತ್ತದೆಯೇ?

ಹೋಲಿಕೆ ಬೇಕು ಎಂದ ತಕ್ಷಣ ‘ಅರ್ಧ ಜನರನ್ನು ಕೈಬಿಡಬೇಕಾ’ ಎಂದು ಸಿಟ್ಟಾಗುವವರಿದ್ದಾರೆ. ಯಾರನ್ನೂ ಕೈಬಿಡಬೇಕಿಲ್ಲ. ಈಗಿರುವ ನೆರವು ಎಲ್ಲರಿಗೂ ಸಿಗಲಿ, ಹೊಸ ನೆರವನ್ನು ಒಂದು ಗುಂಪಿಗೆ ಮಾತ್ರ ಸೇರಿಸಿ ನೋಡಲಿ. ಹೇಗೂ ಎಲ್ಲ ಕಡೆ ಒಂದೇ ದಿನ ಶುರುವಾಗುವುದಿಲ್ಲ. ಮೊದಲು ಎಲ್ಲಿ, ಆಮೇಲೆ ಎಲ್ಲಿ ಎಂಬುದನ್ನು ಶಿಫಾರಸಿನ ಬದಲು ಚೀಟಿ ಎತ್ತಿ ನಿರ್ಧರಿಸಿದರೂ ಸಾಕು, ಹೋಲಿಕೆ ಸಿಗುತ್ತದೆ.