ಎರಡು ರೂಪಾಯಿ ವಾಲ್‌ಟ್ಯೂಬ್

"ಅಲ್ಲ ಕಣೋ, ನೀನು ಬೆಂಗಳೂರಿಂದ ಉಡುಪಿಗೆ ಸೈಕಲ್ ತುಳಿದ್ರೆ ಆ ಮಕ್ಕಳಿಗೇನು ಬಂತು? ಆ ಖರ್ಚಿನ ದುಡ್ಡನ್ನೇ ಕೊಟ್ಬಿಡಬಹುದಲ್ಲ?" ಹೋದ ವರ್ಷ ದೊಡ್ಡಪ್ಪ ಕೇಳಿದ್ದರು. ನಮ್ಮ ಗುಂಪು ಹೀಗೆ ಸೈಕಲ್ ತುಳಿದು ಹಳ್ಳಿ ಶಾಲೆಯ ಮಕ್ಕಳಿಗೆ ಸೈಕಲ್ ಕೊಡಿಸೋಕೆ ದುಡ್ಡು ಎತ್ತುತ್ತೆ, ಅದಕ್ಕೆ ಈ ಪ್ರಶ್ನೆ. ಆಗ ಏನೋ ಹೇಳಿ ಜಾರಿಕೊಂಡಿದ್ದೆ. ಈ ಜನವರಿಯಲ್ಲಿ ಎರಡನೇ ಸಲ ಹೋಗಿ ಬಂದಾಯ್ತು. ದೊಡ್ಡಪ್ಪ ಫೇಸ್‌ಬುಕ್ಕಿನಲ್ಲಿದ್ದಾರೆ, ಇದನ್ನ ಓದೇ ಓದ್ತಾರೆ. ಹಾಗಾಗಿ ಇಲ್ಲೇ ಉತ್ತರ.

ಮೊದಲು ನಿಜ ಹೇಳಿಬಿಡ್ತೀನಿ. ನಾವು ಹೋಗುವುದು ನಮ್ಮ ಖುಷಿಗೆ. ಇಪ್ಪತ್ತೆರಡು ಜನ, ನಾಲ್ಕು ದಿನ, ಸುಮಾರು 420 ಕಿಲೋಮೀಟರ್. ಕುಣಿಗಲ್ ಮೇಲೆ ಹಾಸನ, ಅಲ್ಲಿಂದ ಬೇಲೂರು, ಚಿಕ್ಕಮಗಳೂರು, ಆಲ್ದೂರು, ಬಾಳೆಹೊನ್ನೂರು, ಶೃಂಗೇರಿ, ಆಗುಂಬೆ. ಆಮೇಲೆ ಘಾಟಿ ಇಳಿದು ಹೆಬ್ರಿ, ಉಡುಪಿ. ಮೊದಲ ದಿನದ ಹೈವೇ ಬಗ್ಗೆ ಹೇಳುವಂಥದ್ದೇನಿಲ್ಲ. ಲಾರಿ ಟೈರಿನ ತಂತಿ ಚುಚ್ಚಿ ಮೂರು ಪಂಕ್ಚರ್, ಅಷ್ಟೆ. ಮಜಾ ಇರುವುದು ಆಲ್ದೂರಿನ ನಂತರ. ಕಾಫಿ ಕೊಯ್ಲಿನ ಕಾಲ. ಕಣದ ತುಂಬ ಹಣ್ಣು ಹರವಿರುತ್ತಾರೆ. ಏರಿನಲ್ಲಿ ಗಂಟೆಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಏದುಸಿರು ಬಿಡುತ್ತಾ ಹೋಗುವಾಗ ಆ ಹುಳಿ ಹುಳಿ ವಾಸನೆ ಮೂಗಿಗೆ ಹೊಡೆಯುತ್ತೆ. ಕಾರಿನಲ್ಲಿ ಹೋದವರಿಗೆ ಇದು ಸಿಗಲ್ಲ. ಒಂದು ದಿನ ಮಧ್ಯಾಹ್ನ ಭದ್ರಾ ದಾಟಿ ಸಂಜೆಗೆ ತುಂಗೆಯಲ್ಲಿ ಕಾಲು ಇಳಿಬಿಟ್ಟು ಕೂತರೆ ತೊಡೆ ನೋವೆಲ್ಲ ಮರೆತುಹೋಗುತ್ತೆ. ಇದನ್ನೆಲ್ಲ 'ಸೇವೆ' ಅಂತ ಕರೆದರೆ ನನಗೇ ನಗು ಬರುತ್ತೆ.

ಆದರೆ ದುಡ್ಡು ಎತ್ತುವ ವಿಷಯ ಬೇರೆ. ಸುಮ್ನೆ ಕೇಳಿದರೆ ನೂರು ರೂಪಾಯಿ ಬಿಚ್ಚದ ನನ್ನ ಆಫೀಸಿನ ಗೆಳೆಯ, ನಾನು ಘಾಟಿ ಹತ್ತುತ್ತೀನಿ ಅಂದಾಗ ಐದು ಸಾವಿರ ಕಳಿಸಿದ. ಮಕ್ಕಳ ಮೇಲಿನ ಕರುಣೆಯೋ ನನ್ನ ಹೊಟ್ಟೆಯ ಮೇಲಿನ ಕರುಣೆಯೋ ಗೊತ್ತಿಲ್ಲ. ಒಬ್ಬ ಒದ್ದಾಡ್ತಾನೆ ಅಂದರೆ ಜನ ಕೊಡ್ತಾರೆ, ದೊಡ್ಡಪ್ಪ. ಹರಕೆ ಹೊತ್ತು ನಡೆದುಕೊಂಡು ಧರ್ಮಸ್ಥಳಕ್ಕೆ ಹೋಗುವವರ ಕೈಗೆ ದಾರಿಯಲ್ಲಿ ಮಜ್ಜಿಗೆ ಕೊಡಲ್ವಾ, ಹಾಗೆ.

ಕೊಟ್ಟದ್ದು ಎಲ್ಲಿಗೆ ಹೋಗುತ್ತೆ ಅನ್ನುವುದು ಮುಖ್ಯ. ನಮ್ಮಲ್ಲಿ ಊಟ, ವಸತಿ, ಜೊತೆಗೆ ಬರುವ ವ್ಯಾನಿನ ಡೀಸೆಲ್ ಎಲ್ಲ ಸವಾರರ ಜೇಬಿನಿಂದ. ದಾನದ ಖಾತೆಯೇ ಬೇರೆ. ಇದು ನಮ್ಮ ತಲೆಯಿಂದ ಬಂದದ್ದಲ್ಲ. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಪ್ಯಾನ್-ಮಾಸ್ ಚಾಲೆಂಜ್ ಅಂತ ಒಂದು ಸೈಕಲ್ ಸವಾರಿ ಇದೆ. 1980ರಲ್ಲಿ 36 ಜನ ಸೇರಿ ಶುರು ಮಾಡಿದ್ದು, ಕ್ಯಾನ್ಸರ್ ಸಂಶೋಧನೆಗೆ. ಅಲ್ಲಿ ಸವಾರರು ಎತ್ತಿದ ಹಣ ಪೂರ್ತಿಯಾಗಿ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತೆ. ಒಪ್ಪಿಕೊಂಡಷ್ಟು ಎತ್ತದಿದ್ದರೆ ಬಾಕಿ ಹಣ ಸವಾರನ ಕಾರ್ಡಿನಿಂದಲೇ ಕಟ್. ನಮ್ಮ ಗುಂಪಿನಲ್ಲಿ ಈ ನಿಯಮ ತಂದರೆ ಅರ್ಧ ಜನ ಗ್ರೂಪ್ ಬಿಡ್ತಾರೆ ಅನ್ನುವುದು ಬೇರೆ ಮಾತು.

ಇಷ್ಟು ಲೆಕ್ಕ ಸರಿ ಇದ್ದೂ ನಾವು ಎಡವಿದ್ದೆವು. ಅದನ್ನ ಹೇಳೋಕೇ ಇಷ್ಟುದ್ದ ಬರೆಯುತ್ತಿರುವುದು.

ಸರ್ಕಾರ 2006-07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುತ್ತಿತ್ತು. ಕೊರೊನಾ ಬಂದಮೇಲೆ ಅದು ನಿಂತಿತು. ಹಾಗಾಗಿ ಹೋದ ವರ್ಷ ನಾವು ಕೊಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆಗೆ ಮೂವತ್ತು ಹೊಸ ಸೈಕಲ್ ಕೊಟ್ಟಿದ್ದೆವು. ಬ್ಯಾನರ್, ಶಾಲು, ಫೋಟೋ ಎಲ್ಲ ಆಯ್ತು. ಆ ಫೋಟೋಗೆ ಇಲ್ಲೇ ಲೈಕ್ ಒತ್ತಿದವರು ನೀವು. ಈ ಸಲ ದಾರಿಯಲ್ಲೇ ಸಿಗುತ್ತಲ್ಲ ಅಂತ ಒಳಗೆ ಹೋದರೆ, ಬಿಸಿಯೂಟದ ಕೋಣೆಯ ಹಿಂದೆ ಹನ್ನೊಂದು ಸೈಕಲ್ ಗೋಡೆಗೆ ಒರಗಿ ನಿಂತಿದ್ದವು. ಜೇಡ ಬಲೆ ಕಟ್ಟಿತ್ತು. ಒಂದರ ಸೀಟಿನ ಮೇಲೆ ಕೋಳಿ ಕೂತಿತ್ತು.

"ಗಾಳಿ ನಿಲ್ಲಲ್ಲ ಸರ್. ಸೈಕಲ್ ಅಂಗಡಿ ಪೇಟೇಲಿ ಇರೋದು" ಅಂದಳು ಒಬ್ಬ ಹುಡುಗಿ. ಪೇಟೆ ಹದಿನಾಲ್ಕು ಕಿಲೋಮೀಟರ್. ಬಸ್ಸಿನ ಮೇಲೆ ಹಾಕಿದರೆ ಲಗೇಜು. ಅಪ್ಪ ತೋಟದ ಕೆಲಸ ಬಿಟ್ಟು ಹೋಗಬೇಕು. ಯಾರು ಹೋಗ್ತಾರೆ?

ನಮ್ಮ ವ್ಯಾನಿನ ಮೆಕ್ಯಾನಿಕ್ ಹುಡುಗ ಚೀಲ ಬಿಚ್ಚಿ ಕೂತ. ನಮ್ಮ ಬಳಿ ಇದ್ದ ಸಾಮಾನಿನಲ್ಲಿ ಒಂದೂ ಹಿಡಿಯಲಿಲ್ಲ! ನಮ್ಮ ಟ್ಯೂಬುಗಳು ತೆಳು ಟೈರಿನ 700ಸಿ ಅಳತೆಯವು, ಅವರದ್ದು ದಪ್ಪ ಟೈರಿನ 26 ಇಂಚು. ನಮ್ಮ ಪಂಪಿನ ಬಾಯಿ ಅವರ ವಾಲ್ವಿಗೆ ಕೂರಲ್ಲ. ಅವನು ಒಂದೊಂದೇ ವಾಲ್ವ್ ಬಿಚ್ಚಿ ನೋಡುತ್ತಾ ಹೋದ. ಹನ್ನೊಂದರಲ್ಲಿ ಆರಕ್ಕೆ ಪಂಕ್ಚರೇ ಆಗಿರಲಿಲ್ಲ. ವಾಲ್ವಿನೊಳಗೆ ಗಾಳಿ ಹಿಂದೆ ಬರದಂತೆ ತಡೆಯುವ ವಾಲ್‌ಟ್ಯೂಬ್ ಕೊಳೆತು ಸೀಳಿತ್ತು, ಅಷ್ಟೆ. "ಅಣ್ಣಾ, ಇದು ಎರಡು ರೂಪಾಯಿ ಸಾಮಾನು" ಅಂದ. ಚಿಕ್ಕವರಿದ್ದಾಗ ನಾವು ಅದನ್ನ ಬೆರಳ ತುದಿಗೆ ಸಿಕ್ಕಿಸಿಕೊಂಡು ಆಡುತ್ತಿದ್ದೆವಲ್ಲ, ಅದೇ ಸಣ್ಣ ರಬ್ಬರು.

ಹೆಡ್‌ಮಾಸ್ಟ್ರು ಒಬ್ಬರನ್ನು ಬೈಕಿನಲ್ಲಿ ಪೇಟೆಗೆ ಓಡಿಸಿದರು. ವಾಲ್‌ಟ್ಯೂಬ್, ಪಂಕ್ಚರ್ ಅಂಟಿಸುವ ಸೊಲ್ಯೂಷನ್, ಚಕ್ರಕ್ಕೆ ಒತ್ತುವ ರಬ್ಬರಿನ ಬ್ರೇಕ್ ಶೂ, ಒಂದು ಪಂಪು ಬಂದವು. ಅಷ್ಟರಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಓಡುತ್ತಿದ್ದ ತನ್ನ ಸೈಕಲ್ಲನ್ನೂ ತಂದು ನಿಲ್ಲಿಸಿದ. ಬ್ರೇಕ್ ಶೂ ಸವೆದು ಬರೀ ಕಬ್ಬಿಣ ಉಳಿದಿತ್ತು. "ಇಳಿಜಾರಲ್ಲಿ ಏನ್ ಮಾಡ್ತೀಯೋ?" ಅಂದೆ. ಬಲಗಾಲಿನ ಚಪ್ಪಲಿ ಎತ್ತಿ ತೋರಿಸಿದ. ಅಟ್ಟೆಯ ನಡುವೆ ಟೈರಿನ ಅಗಲಕ್ಕೆ ಸರಿಯಾಗಿ ಒಂದು ಗುಳಿ ಬಿದ್ದಿತ್ತು. ಮುಂದಿನ ಚಕ್ರಕ್ಕೆ ಚಪ್ಪಲಿ ಒತ್ತಿ ನಿಲ್ಲಿಸ್ತಾನಂತೆ. ಅವನ ಮನೆ ಗುಡ್ಡದ ಮೇಲೆ.

ಎರಡೂವರೆ ಗಂಟೆ ಅಲ್ಲೇ ಕಳೆದೆವು. ಶೃಂಗೇರಿ ತಲುಪುವಾಗ ಕತ್ತಲಾಗಿತ್ತು, ಕೆಲವರು ಗೊಣಗಿದರು. ಮರುದಿನ ಆಗುಂಬೆಯಲ್ಲಿ ಘಾಟಿ ಇಳಿಯುವ ಮುಂಚೆ ಎಂದಿನಂತೆ ಬ್ರೇಕಿನ ಪಾಠ. ಹದಿನಾಲ್ಕು ಹೇರ್‌ಪಿನ್ ತಿರುವು, ಒಂದೇ ಸಮನೆ ಹಿಡಿಯಬೇಡಿ, ರಿಮ್ ಕಾಯುತ್ತೆ, ತಿರುವಿನ ಮುಂಚೆಯೇ ವೇಗ ಇಳಿಸಿ. ಸುತ್ತ ನಿಂತಿದ್ದ ಸೈಕಲ್ಲುಗಳಲ್ಲಿ ಲಕ್ಷಕ್ಕಿಂತ ಕಡಿಮೆಯದು ನಾಲ್ಕೈದು ಇದ್ದವೇನೋ. ನಾನು ಆ ಚಪ್ಪಲಿಯನ್ನೇ ನೆನೆಸಿಕೊಳ್ಳುತ್ತಿದ್ದೆ.

ಈಗ ನಮ್ಮ ಗ್ರೂಪಿನಲ್ಲಿ ಜಗಳ ನಡೀತಿದೆ. ಈ ಸಲದ ದುಡ್ಡಿನಲ್ಲಿ ಮತ್ತೆ ಹೊಸ ಸೈಕಲ್ ಕೊಡೋಣ ಅನ್ನುವವರೇ ಜಾಸ್ತಿ. ಅವರದ್ದೂ ತಪ್ಪಲ್ಲ. ಹೊಸ ಸೈಕಲ್ಲಿನ ಫೋಟೋ ಚೆನ್ನಾಗಿ ಬರುತ್ತೆ, ಆ ಫೋಟೋ ನೋಡಿಯೇ ಮುಂದಿನ ವರ್ಷ ಜನ ಕೊಡ್ತಾರೆ. ವಾಲ್‌ಟ್ಯೂಬಿನ ಫೋಟೋಗೆ ಯಾರು ದುಡ್ಡು ಕೊಡ್ತಾರೆ? ಆದರೆ ನನ್ನ ಹಟ ಇಷ್ಟೇ: ಈ ವರ್ಷ ಒಂದೂ ಹೊಸ ಸೈಕಲ್ ಬೇಡ. ದಾರಿಯ ನಾಲ್ಕು ಶಾಲೆಗೆ ಒಂದೊಂದು ಪೆಟ್ಟಿಗೆ ಇಡೋಣ. ಪಂಪು, ಸ್ಪ್ಯಾನರು, ಪ್ಯಾಚು, ಬ್ರೇಕ್ ಶೂ, ಒಂದು ಡಬ್ಬಿ ವಾಲ್‌ಟ್ಯೂಬ್. ಪ್ರತಿ ಶಾಲೆಯಲ್ಲೂ ನಾಲ್ಕು ಮಕ್ಕಳಿಗೆ ಪಂಕ್ಚರ್ ಹಾಕುವುದು ಕಲಿಸೋಣ. ನಮ್ಮ ಮೆಕ್ಯಾನಿಕ್ ಹುಡುಗ ಎರಡು ದಿನ ಮೊದಲೇ ಹೋಗಿ ಉಳಿಯೋಕೆ ಒಪ್ಪಿದ್ದಾನೆ. ಅವನಿಗೆ ಕೂಲಿ ಕೊಡಬೇಕು. ಅದು ದಾನದ ಖಾತೆಯಿಂದಲೇ ಹೋಗಲಿ ಅಂತ ನಾನು, ಬೇಡ ಅಂತ ಖಜಾಂಚಿ. ಇನ್ನೂ ತೀರ್ಮಾನ ಆಗಿಲ್ಲ.

ದೊಡ್ಡಪ್ಪ, ನಿಮ್ಮ ಹಿತ್ತಲಿನ ಕೊಟ್ಟಿಗೆಯಲ್ಲಿ ಹಿತ್ತಾಳೆಯ ಹಳೇ ಪಂಪೊಂದು ಇತ್ತಲ್ಲ, ಅದು ಇನ್ನೂ ಇದೆಯಾ? ಭಾನುವಾರ ಬರ್ತೀನಿ.