ಬೆಣ್ಣೆ ದೋಸೆ ಮುಳುಗೋದಿಲ್ಲ

ದಾವಣಗೆರೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರು ಅಂದರೆ ಭದ್ರಾ ನಾಲೆ, ಇಲ್ಲ ಕುಂದುವಾಡ ಕೆರೆ, ಅದೂ ಇಲ್ಲ ಅಂದರೆ ಅಜ್ಜನ ತೋಟದ ಬಾವಿ. ಸಮುದ್ರಕ್ಕೂ ನಮಗೂ ನಡುವೆ ಇಡೀ ಘಟ್ಟ ನಿಂತಿದೆ. ಅದನ್ನು ಇಳಿದು ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಹೋದರೂ, ಪ್ಯಾಂಟು ಮೊಣಕಾಲಿನ ತನಕ ಮಡಚಿ, ಅಲೆ ಬಂದಾಗ ಕಿರುಚಿ, ಚುರುಮುರಿ ತಿಂದು, ಮರಳು ಕೊಡವಿಕೊಂಡು ಬಸ್ ಹತ್ತುವವರು ನಾವು. ಅಂಥ ನಾಲ್ವರು ಅಂಡಮಾನಿಗೆ ಹೋಗಿ, ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಸಮುದ್ರದೊಳಗೆ ಇಳಿಯೋ ಸ್ಕೂಬಾ ಮಾಡ್ತೀವಿ ಅಂದಾಗ ಮನೆಯವರು ಹೆದರಲಿಲ್ಲ. ನಕ್ಕರು.

ನಾಲ್ವರು ಅಂದರೆ ನಾನು, ಬ್ಯಾಂಕಿನವನು, ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿ, ಮತ್ತು ಮೀಸೆ. ಮೀಸೆಗೆ ಬೇರೆ ಹೆಸರೂ ಇದೆ, ಆದರೆ ಅದು ಆಧಾರ್ ಕಾರ್ಡಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ.

ಹೋಗಿದ್ದು ಹ್ಯಾವ್‌ಲಾಕ್ ದ್ವೀಪಕ್ಕೆ. 2018ರಲ್ಲಿ ಅದಕ್ಕೆ ಸ್ವರಾಜ್ ದ್ವೀಪ ಅಂತ ಹೆಸರಿಟ್ಟಿದ್ದಾರೆ. ಅಲ್ಲಿ ನೀಮೋ ರೀಫ್ ಅನ್ನೋ ಜಾಗದಲ್ಲಿ ದೋಣಿಯಿಂದ ಹಾರುವ ಗೋಜಿಲ್ಲ, ದಡದಿಂದಲೇ ನಡೆದುಕೊಂಡು ಇಳಿಯಬಹುದು. ಈಜು ಬರದಿದ್ದರೂ ಪರವಾಗಿಲ್ಲ. ಒಬ್ಬೊಬ್ಬರಿಗೂ ಒಬ್ಬೊಬ್ಬ ಇನ್‌ಸ್ಟ್ರಕ್ಟರ್, ಅವನು ಹಿಂದಿನಿಂದ ಟ್ಯಾಂಕ್ ಹಿಡಿದೇ ಇರುತ್ತಾನೆ, ಹೊಸಬರನ್ನು 12 ಮೀಟರ್‌ಗಿಂತ ಆಳಕ್ಕೆ ಬಿಡೋದೂ ಇಲ್ಲ. "ನಡೆದುಕೊಂಡು ಹೋಗೋದು ತಾನೇ, ಕೊಂಡಜ್ಜಿ ಗುಡ್ಡ ಹತ್ತಿದವರಿಗೆ ಇದೇನಲೇ" ಅಂದ ಅಡಿಕೆ ವ್ಯಾಪಾರಿ. ಕೊಂಡಜ್ಜಿ ಗುಡ್ಡವನ್ನು ಯಾರೂ ಕಾಲಿಗೆ ಬಾತುಕೋಳಿ ಪಾದ ಹಾಕಿಕೊಂಡು, ಬೆನ್ನ ಮೇಲೆ ಹದಿನಾಲ್ಕು ಕೆಜಿ ಸಿಲಿಂಡರ್ ಹೊತ್ತು, ಹಿಂದು ಹಿಂದಕ್ಕೆ ಹತ್ತೋದಿಲ್ಲ. ಇಲ್ಲಿ ಫಿನ್ಸ್ ಹಾಕಿದ ಮೇಲೆ ಹಿಂದಕ್ಕೇ ನಡೆಯಬೇಕು, ಮುಂದಕ್ಕೆ ಕಾಲಿಟ್ಟರೆ ಮುಗ್ಗರಿಸೋದು ಗ್ಯಾರಂಟಿ. ಅಂದಹಾಗೆ ಆ ಸಿಲಿಂಡರಿನಲ್ಲಿ ಇರೋದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಇದು ಗೊತ್ತಾದಾಗಿನಿಂದ ಬ್ಯಾಂಕಿನವನಿಗೆ ಕೊಟ್ಟ ದುಡ್ಡಿನ ಮೇಲೆ ಅನುಮಾನ. "ಗಾಳಿ ಪಿ.ಬಿ. ರೋಡಿನಲ್ಲಿ ಫ್ರೀ ತುಂಬ್ತಾರಲ್ಲೋ."

ನಮ್ಮ ಕಡೆ ಈಜು ಕಲಿಸುವಾಗ ಬೆನ್ನಿಗೆ ಖಾಲಿ ಡಬ್ಬ ಕಟ್ಟಿ ಬಾವಿಗೆ ತಳ್ಳುತ್ತಾರೆ, ಮುಳುಗದೇ ಇರಲಿ ಅಂತ. ಇಲ್ಲಿ ಬೆನ್ನಿಗೆ ಡಬ್ಬವನ್ನೂ ಕಟ್ಟಿ ಸೊಂಟಕ್ಕೆ ಸೀಸದ ಗಟ್ಟಿಗಳನ್ನೂ ಪೋಣಿಸುತ್ತಾರೆ, ಮುಳುಗಲಿ ಅಂತ. ಉಪ್ಪುನೀರು ಮೇಲಕ್ಕೆ ತಳ್ಳುತ್ತೆ, ಮೈಯಲ್ಲಿ ಕೊಬ್ಬು ಜಾಸ್ತಿ ಇದ್ದಷ್ಟೂ ಇನ್ನೂ ಜಾಸ್ತಿ ತೇಲುತ್ತೆ. ಬೇರೆಯವರಿಗೆಲ್ಲ ಹಾಕಿದಷ್ಟೇ ಸೀಸ ನನಗೂ ಹಾಕಿದರು. ತೇಲಿದೆ. ಇನ್ನೊಂದು ಸೇರಿಸಿದರು, ಆಗಲೂ ತೇಲಿದೆ. ಇನ್‌ಸ್ಟ್ರಕ್ಟರ್ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಿಂದಿಯಲ್ಲಿ ಏನೋ ಗೊಣಗಿ, ದಡಕ್ಕೆ ಹೋಗಿ ಮತ್ತೊಂದು ತಂದ. ಮೀಸೆ ಸಮಾಧಾನ ಹೇಳಿದ: "ನಿನ್ನ ತಪ್ಪಲ್ಲಪ್ಪ, ಅದು ಬೆಣ್ಣೆ. ಮೇಲೇ ಬರೋದು."

ಮೀಸೆಗೂ ಸುಖ ಇರಲಿಲ್ಲ. ಮಾಸ್ಕ್ ಮುಖಕ್ಕೆ ಗಾಳಿಯಾಡದ ಹಾಗೆ ಕೂರಬೇಕು, ಮಧ್ಯೆ ಮೀಸೆ ಬಂದರೆ ನೀರು ಒಳಗೆ ಸೋರುತ್ತೆ. ಬೋಳಿಸು ಅಂದರೆ, ಬೇಕಾದ್ರೆ ಸಮುದ್ರ ಬಿಡ್ತೀನಿ ಅಂದ. ಕೊನೆಗೆ ವ್ಯಾಸಲೀನ್ ಮೆತ್ತಿದರು. ಮಾಸ್ಕ್ ಮಂಜಾಗದಿರಲು ಒಳಗೆ ಉಗಿದು ಒರೆಸಬೇಕು ಅನ್ನೋದು ಸ್ಕೂಬಾದವರ ಹಳೇ ಪದ್ಧತಿ. ಇಷ್ಟು ಹೊತ್ತು ಸುಮ್ಮನಿದ್ದ ಅಡಿಕೆ ವ್ಯಾಪಾರಿ ಅದನ್ನು ಮಾತ್ರ ಬಹಳ ಶ್ರದ್ಧೆಯಿಂದ ಮಾಡಿದ. ಬಾಯಲ್ಲಿ ಎಲೆ-ಅಡಿಕೆ ಇತ್ತು. ಆ ಕೆಂಪು ಮಾಸ್ಕನ್ನು ನೋಡಿ, ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದ ಹೊಸ ದಂಪತಿ, ಪಾಪ, ಎದ್ದು ನಿಂತುಬಿಟ್ಟರು.

ನೀರೊಳಗೆ ಮಾತಾಡೋಕಾಗಲ್ಲ, ಎಲ್ಲ ಕೈಸನ್ನೆ. ದಾವಣಗೆರೆಯವರಿಗೆ ಇದೇ ದೊಡ್ಡ ಶಿಕ್ಷೆ. ಎಲ್ಲ ಸರಿಯಿದೆ ಅನ್ನೋಕೆ ಹೆಬ್ಬೆರಳು-ತೋರುಬೆರಳು ಸೇರಿಸಿ ಸೊನ್ನೆ ಮಾಡಬೇಕು. ಹೆಬ್ಬೆರಳು ಎತ್ತಿದರೆ "ನನ್ನನ್ನು ಮೇಲಕ್ಕೆ ಕರ್ಕೊಂಡು ಹೋಗು" ಅಂತ. ಬ್ಯಾಂಕಿನವನಿಗೆ ಬಣ್ಣದ ಮೀನು ಕಂಡಾಗಲೆಲ್ಲ ಸೂಪರ್ ಅಂತ ಹೆಬ್ಬೆರಳು ತಾನಾಗೇ ಎದ್ದೇಳೋದು, ಅವನ ಇನ್‌ಸ್ಟ್ರಕ್ಟರ್ ನಿಯಮದಂತೆ ಅವನನ್ನು ಮೇಲಕ್ಕೆ ತರೋದು. ನೀಮೋ ರೀಫಿನ ಆಕಾಶ ಹೇಗಿತ್ತು ಅಂತ ಅವನನ್ನು ಕೇಳಬೇಕು.

ನಾನಂತೂ ಮೂಗು ಹಿಡಿದು ಊದಿ ಕಿವಿಯ ಒತ್ತಡ ಬಿಡಿಸಿಕೊಳ್ಳುತ್ತಾ ನಿಧಾನಕ್ಕೆ ಇಳಿದೆ. ಕೆಳಗೆ ಹೂವಿನಂಥ ಜೀವಿಯೊಂದರ ಬೆರಳುಗಳ ನಡುವೆ ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳು. ಆ ಮನೆಯಲ್ಲಿ ಎಲ್ಲರಿಗಿಂತ ದೊಡ್ಡದು ಹೆಣ್ಣು, ಯಜಮಾನಿಕೆ ಅದರದ್ದೇ, ಅದು ಸತ್ತರೆ ಅದರ ಗಂಡನೇ ಹೆಣ್ಣಾಗಿ ಪಟ್ಟಕ್ಕೆ ಬರುತ್ತೆ. ಬೆರಳುದ್ದ ಇಲ್ಲ, ಆದರೂ ಹತ್ತಿರ ಬಂದ ಮೀಸೆಯ ಮಾಸ್ಕಿಗೆ ಹಾರಿಬಂದು ಗುದ್ದಿತು. ನನಗೆ ನಗು ಬಂತು. ನೀರೊಳಗೆ ನಕ್ಕರೆ ಕೆನ್ನೆ ಸುಕ್ಕಾಗಿ ಮಾಸ್ಕಿಗೆ ನೀರು ನುಗ್ಗುತ್ತೆ. ನುಗ್ಗಿತು.

ಕಣ್ಣುರಿಯಲ್ಲಿ ಒದ್ದಾಡುತ್ತಿರುವಾಗ ಮೀನಖಂಡಕ್ಕೆ ಯಾರೋ ಗಟ್ಟಿಯಾಗಿ ಒತ್ತಿ ಹಿಡಿದ ಹಾಗಾಯಿತು. ಇನ್‌ಸ್ಟ್ರಕ್ಟರ್ ಇರಬೇಕು ಅಂದುಕೊಂಡೆ. ಅವನ ಎರಡೂ ಕೈ ನನ್ನ ಟ್ಯಾಂಕಿನ ಮೇಲಿದ್ದವು. ಬಗ್ಗಿ ನೋಡಿದರೆ ಬೂದು ಬಣ್ಣದ, ಉದ್ದುದ್ದ ಮೀನೊಂದು, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ನೆತ್ತಿಯ ಮೇಲೆ ಹವಾಯಿ ಚಪ್ಪಲಿಯ ತಳದಂಥ ಗೀರು ಗೀರು ತಟ್ಟೆ. ಆ ನೆತ್ತಿಯನ್ನು ನನ್ನ ಕಾಲಿಗೆ ಅಂಟಿಸಿಕೊಂಡು ಆರಾಮಾಗಿ ಜೋತುಬಿದ್ದಿದೆ. ಟಿಕೆಟ್ ತಗೊಂಡು ಸೀಟ್ ಹಿಡಿದವರ ಠೀವಿ.

ಬಾಲ ಹಿಡಿದು ಎಳೆದೆ. ಇನ್ನೂ ಬಿಗಿಯಾಯಿತು. ಅದರ ಯಂತ್ರವೇ ಹಾಗಂತೆ: ಬೆನ್ನಿನ ರೆಕ್ಕೆಯೇ ಹೀರಿ ಹಿಡಿಯುವ ತಟ್ಟೆಯಾಗಿದೆ, ಹಿಂದಕ್ಕೆ ಎಳೆದಷ್ಟೂ ಕಚ್ಚಿಕೊಳ್ಳುತ್ತೆ, ಮುಂದಕ್ಕೆ ಜಾರಿಸಿದರೆ ಬಿಡುತ್ತೆ. ಇನ್‌ಸ್ಟ್ರಕ್ಟರ್ ಅದನ್ನು ಮೆತ್ತಗೆ ಮುಂದಕ್ಕೆ ತಳ್ಳಿದ, ಬಿಟ್ಟಿತು. ನಾನು ಉಸಿರು ಬಿಡುವಷ್ಟರಲ್ಲಿ ಒಂದು ಸುತ್ತು ಹಾಕಿ ಬಂದು ಟ್ಯಾಂಕಿಗೆ ಅಂಟಿಕೊಂಡಿತು. ಉಳಿದ ಮೂವರಿಗೂ ಅದು ಕಂಡಿದ್ದು ಆಗಲೇ. ಮೂರೂ ಜನ ಸೊನ್ನೆ ತೋರಿಸಿದರು, ಎಲ್ಲ ಸರಿಯಿದೆ ಅಂತ. ದಡದ ಹತ್ತಿರ ನೀರು ಸೊಂಟಕ್ಕೆ ಬರುವ ತನಕ ಅದು ಇಳಿಯಲಿಲ್ಲ.

ಮೇಲೆ ಬಂದ ಮೇಲೆ ಇನ್‌ಸ್ಟ್ರಕ್ಟರ್ ಹೇಳಿದ, ಅದು ರೆಮೋರಾ. ಕಚ್ಚಲ್ಲ, ಏನೂ ಮಾಡಲ್ಲ. ದೊಡ್ಡ ಪ್ರಾಣಿಗಳಿಗೆ ಅಂಟಿಕೊಂಡು ಪುಕ್ಕಟೆ ಸವಾರಿ ಮಾಡುತ್ತೆ. ಅವು ತಿಂದು ಬಿಟ್ಟಿದ್ದು, ಅವುಗಳ ಮೈಮೇಲಿನ ಹುಳ, ಸಮಯ ಬಂದರೆ ಅವುಗಳ ಸಗಣಿ, ಎಲ್ಲ ನಡೆಯುತ್ತೆ. ಯಾವ ಪ್ರಾಣಿಗಳು ಅಂತ ಬ್ಯಾಂಕಿನವನು ಕೇಳಲೇಬಾರದಿತ್ತು. ಶಾರ್ಕ್, ಆಮೆ, ತಿಮಿಂಗಿಲ, ಡುಗಾಂಗ್. ಡುಗಾಂಗ್ ಅಂದರೆ ಕಡಲಹಸು, ಅಂಡಮಾನ್‌ನ ರಾಜ್ಯ ಪ್ರಾಣಿ, 400 ಕೆಜಿ ತೂಗುತ್ತೆ, ಸಮುದ್ರದ ತಳದ ಹುಲ್ಲು ಮೇಯ್ದುಕೊಂಡು ಬದುಕುತ್ತೆ.

ದುಡ್ಡು ಕೊಟ್ಟು ಪ್ರಾಣಿ ನೋಡೋಕೆ ಹೋದವನು ನಾನು, ನನ್ನನ್ನು ಯಾವ ಪ್ರಾಣಿ ಅಂತ ತೀರ್ಮಾನ ಮಾಡಿದ್ದು ಅದು!

ಊರಿಗೆ ಬಂದ ಮೇಲೆ ಆ ಮೀನು ಬೆಳೆಯುತ್ತಾ ಹೋಯಿತು. ನೀರಿನಲ್ಲಿ ವಸ್ತುಗಳು ಮೂರನೇ ಒಂದು ಪಾಲು ದೊಡ್ಡದಾಗಿ ಕಾಣುತ್ತವೆ ಅನ್ನೋದು ವಿಜ್ಞಾನ. ಅದಕ್ಕಿಂತ ಮೇಲಿನ ಉದ್ದವೆಲ್ಲ ಮೀಸೆಯದ್ದು. ಮಂಡಕ್ಕಿ ಅಂಗಡಿ ಮುಂದೆ ಅವನು ಕೈ ಚಾಚಿ ತೋರಿಸೋದನ್ನು ನೋಡಿ, ನನ್ನ ಮಾನ ಉಳಿಸೋಕೆ ನಾನೇ ಒಂದು ವಾದ ಹೂಡಿದೆ: ಆ ಮೀನಿಗೆ ನಾನು ಶಾರ್ಕ್ ಥರ ಕಂಡಿರಬೇಕು. ಬ್ಯಾಂಕಿನವನು ಮೆಣಸಿನಕಾಯಿ ಕಚ್ಚಿ, ಸ್ವಲ್ಪ ಯೋಚಿಸಿ, ಸಾಲದ ಅರ್ಜಿ ತಿರಸ್ಕರಿಸುವ ದನಿಯಲ್ಲಿ ಹೇಳಿದ: "ಶಾರ್ಕ್ ಮಾಂಸ ತಿನ್ನುತ್ತಪ್ಪ. ನಿಮ್ಮನೇಲಿ ಮೊಟ್ಟೆನೂ ನಡೆಯಲ್ಲ."

ಅಂಗಡಿಯವನಿಗೆ ಈ ಕಥೆ ಪೂರ್ತಿ ಗೊತ್ತಿಲ್ಲ. ಆದರೂ ಈಗ ನಾನು ಹೋದರೆ ಒಳಗೆ ಕೂಗಿ ಹೇಳ್ತಾನೆ, "ಕಡಲಹಸು ಸಾರ್‌ಗೆ ಒಂದ್ ಪ್ಲೇಟ್ ನರ್ಗಿಸ್ ಮಂಡಕ್ಕಿ, ಮಿರ್ಚಿ ಜಾಸ್ತಿ."